ಅರಸಾಳು ಹಳೇ ಸ್ಟೇಷನ್: ಮಾಲ್ಗುಡಿ ಸಿಕ್ಕಿತು, ಅರಸಾಳು ಎಲ್ಲಿ?

ಹಳಿಹುಚ್ಚ:
ಹೋದ ತಿಂಗಳು ಸಾಗರದಲ್ಲಿ ಒಂದು ಮದುವೆ ಇತ್ತು. ಮುಗಿಸಿಕೊಂಡು ರೈಲಿನಲ್ಲಿ ವಾಪಸ್ ಬರುವಾಗ ಮನೆಯವರನ್ನೆಲ್ಲ ಮುಂದೆ ಕಳಿಸಿ ನಾನೊಬ್ಬನೇ ಅರಸಾಳಿನಲ್ಲಿ ಇಳಿದುಕೊಂಡೆ. "ಇವರಿಗೆ ಹಳಿ ಕಂಡರೆ ತಲೆ ನಿಲ್ಲಲ್ಲ" ಅಂತ ನನ್ನ ಹೆಂಡತಿ ಎದುರು ಸೀಟಿನವರಿಗೆ ಹೇಳಿದ್ದು ಕಿಟಕಿಯಿಂದ ನನಗೂ ಕೇಳಿಸಿತು. ಇರಲಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅರಸಾಳು ಹೊಸನಗರ ತಾಲ್ಲೂಕಿನ ಸಣ್ಣ ಊರು, ಶಿವಮೊಗ್ಗ–ತಾಳಗುಪ್ಪ ಲೈನಿನಲ್ಲಿದೆ. ಈಗಿನ ಸ್ಟೇಷನ್ ಕಟ್ಟಡ ಎಲ್ಲ ಕಡೆ ಇರುವಂಥದ್ದೇ. ಪಕ್ಕದಲ್ಲಿ ಹಂಚಿನ ಮಾಡಿನ ಹಳೇ ಕಟ್ಟಡ ಇದೆ. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಮೇಲೆ, ಅಂದರೆ ಕಿರಿದಾದ ಹಳಿ ತೆಗೆದು ಅಗಲದ ಹಳಿ ಹಾಕಿದಮೇಲೆ, ಅದಕ್ಕೆ ಕೆಲಸ ಇಲ್ಲದಂತಾಯಿತು. ವರ್ಷಗಟ್ಟಲೆ ಪಾಳು ಬಿದ್ದಿತ್ತು. ಆಮೇಲೆ ನೈಋತ್ಯ ರೈಲ್ವೆಯವರು ರಿಪೇರಿ ಮಾಡಿಸಿ 2020ರ ಆಗಸ್ಟಿನಲ್ಲಿ ಮಾಲ್ಗುಡಿ ಮ್ಯೂಸಿಯಂ ಅಂತ ತೆರೆದರು. ಮಾಲ್ಗುಡಿ ಅಂದರೆ ಆರ್.ಕೆ. ನಾರಾಯಣ್ ಕಥೆಗಳ ಕಾಲ್ಪನಿಕ ಊರು. ಶಂಕರ್ ನಾಗ್ ಆ ಕಥೆಗಳನ್ನು 'ಮಾಲ್ಗುಡಿ ಡೇಸ್' ಧಾರಾವಾಹಿ ಮಾಡುವಾಗ ರೈಲ್ವೆ ಸ್ಟೇಷನ್ ದೃಶ್ಯಗಳನ್ನು ಇಲ್ಲೇ ತೆಗೆದಿದ್ದು, ಅದಕ್ಕೆ ಈ ಹೆಸರು. ಆ ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಮ್ಯೂಸಿಯಂ ಕೆಲಸವನ್ನೂ ಮಾಡಿದ್ದಾರೆ. ಹಳೇ ರೈಲು ಬೋಗಿಯೊಂದನ್ನು ಟೀ ಅಂಗಡಿ ಮಾಡಿ 'ಮಾಲ್ಗುಡಿ ಚಾಯ್' ಅಂತ ಹೆಸರಿಟ್ಟಿದ್ದಾರೆ.

ಜಾಗ ಚೆನ್ನಾಗಿದೆ. ಸುಳ್ಳು ಹೇಳಲ್ಲ, ಧಾರಾವಾಹಿಯ ಪುಟ್ಟ ಹುಡುಗ ಸ್ವಾಮಿಯನ್ನು ನೋಡಿದಾಗ ನನಗೂ ಗಂಟಲು ಕಟ್ಟಿತು. ನಮ್ಮ ವಯಸ್ಸಿನವರಿಗೆಲ್ಲ ಹಾಗೇ ಅಲ್ವಾ.

ಆದರೆ ಒಂದು ಕೊರಗು. ಹೊರಗೆ ಬಂದು ಜಗಲಿ ಮೇಲೆ ಕೂತಾಗ ಅನ್ನಿಸಿತು, ಈ ಕಟ್ಟಡ ಶೂಟಿಂಗ್‌ಗೆ ಕೊಟ್ಟಿದ್ದು ನಾಲ್ಕು ದಿನ ಇರಬಹುದು. ಉಳಿದ ಎಪ್ಪತ್ತು ವರ್ಷ ಇದು ನಿಜವಾದ ಊರಿನ ನಿಜವಾದ ಸ್ಟೇಷನ್ ಆಗಿತ್ತು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಅಲ್ಲಿಂದ ಮುಂದಕ್ಕೆ ಕಾಡು ಕಡಿದುಕೊಂಡು ತುಂಡು ತುಂಡಾಗಿ ಹಳಿ ಹಾಕುತ್ತಾ ತಾಳಗುಪ್ಪ ಮುಟ್ಟುವಾಗ 1940. ಜೋಗದ ವಿದ್ಯುತ್ ಯೋಜನೆಯ ಕೆಲಸ ನಡೆಯುತ್ತಿದ್ದ ಕಾಲ ಅದು. ಮೈಸೂರು ಸಂಸ್ಥಾನದ ರೈಲ್ವೆ ಕಟ್ಟಿದ ಲೈನು, 1951ರಲ್ಲಿ ದಕ್ಷಿಣ ರೈಲ್ವೆಗೆ ಸೇರಿತು, 2003ರಲ್ಲಿ ಹುಬ್ಬಳ್ಳಿಯ ನೈಋತ್ಯ ರೈಲ್ವೆ ಪಾಲಾಯಿತು. ಮೂರು ಯಜಮಾನರನ್ನು ಕಂಡ ಕಟ್ಟಡ. ಇಲ್ಲಿ ಟಿಕೆಟ್ ಕೊಟ್ಟವರು ಯಾರು, ಸಿಗ್ನಲ್ ಎಳೆದವರು ಯಾರು, ಏನು ಹತ್ತುತ್ತಿತ್ತು, ಏನು ಇಳಿಯುತ್ತಿತ್ತು, ಇದೆಲ್ಲ ಹುಡುಕಿಕೊಂಡು ಹೋದ ನನಗೆ ತೃಪ್ತಿ ಆಗಲಿಲ್ಲ. ಕಥೆಯ ಊರು ತುಂಬಾ ಸಿಕ್ಕಿತು. ಅರಸಾಳು ಜಾಸ್ತಿ ಸಿಗಲಿಲ್ಲ.

ಈ ಲೈನಿನ ಹಳೇ ನೆನಪು ಯಾರಿಗಾದರೂ ಇದ್ದರೆ ಇಲ್ಲಿ ಬರೆಯಿರಿ. ಸಣ್ಣದಾದರೂ ಪರವಾಗಿಲ್ಲ.

ರಿಪ್ಪನ್‌ಪೇಟೆ ಹುಡುಗ:
ಸರ್, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಸ್ವಲ್ಪ ನಮ್ಮ ಕಡೆಯಿಂದಲೂ ನೋಡಿ. ನಾನು ಇಲ್ಲೇ ಹತ್ತಿರದವನು. ಮ್ಯೂಸಿಯಂ ಆಗುವ ಮುಂಚೆ ಆ ಕಟ್ಟಡ ಹೇಗಿತ್ತು ಗೊತ್ತಾ? ಒಳಗೆ ದನ ಮಲಗುತ್ತಿದ್ದವು. ಮಧ್ಯಾಹ್ನ ಇಸ್ಪೀಟು, ರಾತ್ರಿ ಬಾಟ್ಲಿ. ಒಂದು ಮಳೆಗಾಲ ಹಂಚು ಜಾರಿತು, ಯಾರೂ ಕೇಳಲಿಲ್ಲ. ಮಲೆನಾಡಿನಲ್ಲಿ ಹಂಚು ಜಾರಿದ ಕಟ್ಟಡಕ್ಕೆ ಆಯಸ್ಸು ಎಷ್ಟು ಅಂತ ನಿಮಗೆ ಹೇಳಬೇಕಾಗಿಲ್ಲ. ನಾಲ್ಕು ಮಳೆಗಾಲ ಕಳೆದರೆ ಗೋಡೆ ಮೇಲೆ ಹುಲ್ಲು, ಆರಾದರೆ ಆಲದ ಸಸಿ.

ಮಾಲ್ಗುಡಿ ಹೆಸರು ಇಲ್ಲದಿದ್ದರೆ ಅದನ್ನು ಉಳಿಸುತ್ತಿದ್ದರಾ? ಇದೇ ಲೈನಿನಲ್ಲಿ ಇಂಥವೇ ಬೇರೆ ಹಳೇ ಕಟ್ಟಡ ಇದ್ದವಲ್ಲ, ಅವಕ್ಕೆ ಯಾರು ಮ್ಯೂಸಿಯಂ ಮಾಡಿದರು? ಸ್ವಾಮಿ ಬಂದು ನಮ್ಮೂರ ಮಾಡು ಕಾಪಾಡಿದ ಅಂದುಕೊಳ್ಳಿ. ಈಗ ಭಾನುವಾರ ಬಂದರೆ ಕಾರು ನಿಲ್ಲಿಸಲು ಜಾಗ ಇರಲ್ಲ. ಟೀ, ಮಂಡಕ್ಕಿ ಮಾರುವವರಿಗೆ ನಾಲ್ಕು ಕಾಸು ಆಗುತ್ತದೆ.

ಹಳಿಹುಚ್ಚ:
ಒಪ್ಪಿದೆ ಮಾರಾಯ್ರೆ. ಮಾಡು ಉಳಿದಿದ್ದು ದೊಡ್ಡದು. ಮ್ಯೂಸಿಯಂ ಬೇಡ ಅನ್ನುತ್ತಿಲ್ಲ ನಾನು. ಒಂದು ಕೋಣೆ, ಬೇಡ, ಒಂದು ಗೋಡೆ ಊರಿಗೂ ಸ್ಟೇಷನ್‌ಗೂ ಇರಲಿ ಅಂತ ಅಷ್ಟೇ.

ಪಾಯಿಂಟ್ಸ್‌ಮನ್ ಮಗಳು:
ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮ ಅಪ್ಪಯ್ಯ ಈ ಲೈನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಗಾಡಿಗೆ ಹಳಿ ಬದಲಿಸಿಕೊಡುವುದು, ಸಿಗ್ನಲ್ ನೋಡಿಕೊಳ್ಳುವುದು ಅವರ ಕೆಲಸ. ಎರಡು ಮೂರು ಸ್ಟೇಷನ್ ಸುತ್ತಿದರು, ಅರಸಾಳಿನಲ್ಲೂ ಸ್ವಲ್ಪ ವರ್ಷ ಇದ್ದೆವು. ನಾನಾಗ ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ.

ನನಗೆ ಮೊದಲು ನೆನಪಾಗುವುದು ಗಂಟೆ. ಗಂಟೆ ಅಂದರೆ ದೇವಸ್ಥಾನದ್ದಲ್ಲ. ಒಂದು ಮೊಳ ಉದ್ದದ ಹಳಿಯ ತುಂಡನ್ನು ತೂತು ಮಾಡಿ ತಂತಿಯಲ್ಲಿ ಮಾಡಿಗೆ ನೇತು ಹಾಕಿದ್ದರು. ಹೊಡೆಯಲು ಪಕ್ಕದಲ್ಲಿ ಒಂದು ಕಬ್ಬಿಣದ ಸರಳು. ಪಕ್ಕದ ಸ್ಟೇಷನ್ನಿಂದ ರೈಲು ಬಿಟ್ಟಿತು ಅಂತ ತಿಳಿದ ತಕ್ಷಣ ಅಪ್ಪಯ್ಯ ಅದನ್ನು ಹೊಡೆಯುತ್ತಿದ್ದರು. ಆ ಶಬ್ದ ಕೇಳಿ ಊರಿನವರು ಮನೆಯಿಂದ ಹೊರಡುತ್ತಿದ್ದರು! ಗಂಟೆ ಹೊಡೆದ ಮೇಲೆ ಪಂಚೆ ಉಟ್ಟುಕೊಂಡು, ಎಲೆ ಅಡಿಕೆ ಹಾಕಿಕೊಂಡು, ನಿಧಾನ ನಡೆದು ಬಂದರೂ ರೈಲು ಸಿಗುತ್ತಿತ್ತು. ಅಮ್ಮ ಅಕ್ಕಿ ಒಲೆ ಮೇಲೆ ಇಡುತ್ತಿದ್ದದ್ದೂ ಅದರ ಲೆಕ್ಕದಲ್ಲೇ. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಇನ್ನೊಂದು ಕೈಮರದ ದೀಪ. ಈಗಿನ ಹಾಗೆ ಕರೆಂಟ್ ಸಿಗ್ನಲ್ ಅಲ್ಲ, ಕಂಬದ ಮೇಲೆ ಹಲಗೆಯ ಕೈ. ಸಂಜೆ ಆಗುತ್ತಿದ್ದಂತೆ ಅಪ್ಪಯ್ಯ ಸೀಮೆಎಣ್ಣೆ ದೀಪ ಹಿಡಿದುಕೊಂಡು ಹಳಿಗುಂಟ ನಡೆದು ಹೋಗಿ, ಕಂಬದ ಏಣಿ ಹತ್ತಿ, ಮೇಲೆ ದೀಪ ಇಟ್ಟು ಬರಬೇಕು. ದೀಪ ಒಂದೇ, ಅಲ್ಲಾಡುವುದಿಲ್ಲ. ಅದರ ಮುಂದೆ ಕೆಂಪು ಗಾಜು, ಹಸಿರು ಗಾಜು ಇರುವ ಕನ್ನಡಕದಂಥ ಚೌಕಟ್ಟು ಕೈಗೆ ಸೇರಿಕೊಂಡು ಇರುತ್ತಿತ್ತು. ಕೈ ಎದ್ದರೆ ಒಂದು ಗಾಜು ದೀಪದ ಎದುರು ಬರುತ್ತದೆ, ಇಳಿದರೆ ಇನ್ನೊಂದು. ಆಷಾಢದ ಮಳೆಯಲ್ಲಿ ಆ ಏಣಿ ಜಾರುತ್ತದೆ, ಕಾಲಿಗೆ ಉಂಬಳ ಬೇರೆ. ದೀಪ ಆರಿದರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ ಮತ್ತೆ ಹೋಗಬೇಕು. ಅಮ್ಮ ಬಾಗಿಲಲ್ಲಿ ನಿಂತು, ದೂರದಲ್ಲಿ ಆ ಬೆಳಕು ಕಂಡಮೇಲೆ ಒಳಗೆ ಬರುತ್ತಿದ್ದರು.

ಅಮ್ಮನಿಗೆ ಶೂಟಿಂಗ್ ಗೀಟಿಂಗ್ ಏನೂ ಗೊತ್ತಿಲ್ಲ. ಅಷ್ಟು ಹೊತ್ತಿಗೆ ನಮಗೆ ಬೇರೆ ಕಡೆ ವರ್ಗ ಆಗಿತ್ತು. ಮೊನ್ನೆ ಮೊಬೈಲಿನಲ್ಲಿ ಮ್ಯೂಸಿಯಂ ಫೋಟೊ ತೋರಿಸಿದರೆ "ಇದು ನಮ್ಮ ಟೇಸನ್ ಅಲ್ಲ, ಇಷ್ಟು ಚಂದ ಇರಲಿಲ್ಲ" ಅಂದರು.

ಟೆಕ್ಕಿ ತಮ್ಮಯ್ಯ:
ಮೇಡಂ, ಏನು ಬರೆದಿದ್ದೀರಿ! ಒಂದು ದಡ್ಡ ಪ್ರಶ್ನೆ. ಪಕ್ಕದ ಸ್ಟೇಷನ್ನಿಂದ ರೈಲು ಬಿಟ್ಟಿದ್ದು ಹೇಗೆ ಗೊತ್ತಾಗುತ್ತಿತ್ತು? ಒಂದೇ ಹಳಿ ಇದ್ದಾಗ ಎರಡು ಕಡೆಯಿಂದ ಬಂದು ಗುದ್ದಿಕೊಳ್ಳುತ್ತಿರಲಿಲ್ವಾ? ವಾಟ್ಸಾಪ್ ಇಲ್ಲದ ಕಾಲ ಅಂತ ಕೇಳುತ್ತಿದ್ದೇನೆ.

ನಿವೃತ್ತ ಗಾರ್ಡ್:
ದಡ್ಡ ಪ್ರಶ್ನೆ ಅಲ್ಲಪ್ಪ, ಇಡೀ ಒಂಟಿ ಹಳಿ ರೈಲ್ವೆ ನಿಂತಿದ್ದೇ ಇದರ ಮೇಲೆ. ನಾನು ಬೇರೆ ಡಿವಿಜನ್‌ನಲ್ಲಿ ಕೆಲಸ ಮಾಡಿದವನು, ಆದರೆ ಮೀಟರ್‌ಗೇಜ್ ಪದ್ಧತಿ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ.

ಎರಡು ಸ್ಟೇಷನ್ ಇದೆ ಅಂದುಕೋ. ಎರಡರಲ್ಲೂ ಒಂದೊಂದು ಟೋಕನ್ ಯಂತ್ರ, ನಡುವೆ ತಂತಿ. ಯಂತ್ರದೊಳಗೆ ಉಕ್ಕಿನ ಚೆಂಡುಗಳು, ಒಂದೊಂದರ ಮೇಲೂ ಆ ಎರಡು ಸ್ಟೇಷನ್ನಿನ ಹೆಸರು ಕೊರೆದಿರುತ್ತದೆ. ಈ ಕಡೆಯ ಮಾಸ್ತರು ಗಂಟೆ ಬಟನ್ ಒತ್ತಿ ಲೈನ್ ಕೇಳುತ್ತಾರೆ. ಆ ಕಡೆಯವರು ಒಪ್ಪಿದರೆ ಮಾತ್ರ ಈ ಕಡೆ ಯಂತ್ರದಿಂದ ಒಂದು ಚೆಂಡು ಹೊರಗೆ ಬರುತ್ತದೆ. ಒಂದು ಚೆಂಡು ಹೊರಗಿದ್ದರೆ ಎರಡೂ ಕಡೆ ಯಂತ್ರ ಲಾಕ್. ಏನು ತಿಪ್ಪರಲಾಗ ಹಾಕಿದರೂ ಇನ್ನೊಂದು ಬರಲ್ಲ. ಆ ಚೆಂಡನ್ನು ಚರ್ಮದ ಚೀಲಕ್ಕೆ ಹಾಕಿ ದೊಡ್ಡ ಬೆತ್ತದ ಬಳೆಗೆ ಕಟ್ಟಿ ಡ್ರೈವರಿಗೆ ಕೊಡುತ್ತಾರೆ. ಚೆಂಡು ಕೈಯಲ್ಲಿ ಇಲ್ಲದೆ ಯಾವ ಡ್ರೈವರೂ ಆ ಹಳಿ ಮೇಲೆ ಹೋಗುವ ಹಾಗಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಅದನ್ನು ಕೊಟ್ಟು, ಯಂತ್ರಕ್ಕೆ ವಾಪಸ್ ಹಾಕಿದಮೇಲೆ ಲೈನ್ ಖಾಲಿ. ಇಷ್ಟೇ. ರೈಲು ಎರಡು ಇರಬಹುದು, ಚೆಂಡು ಒಂದೇ, ಹಾಗಾಗಿ ಗುದ್ದಿಕೊಳ್ಳುವ ಮಾತೇ ಇಲ್ಲ.

ನಿಲ್ಲದೆ ಹೋಗುವ ಗಾಡಿ ಆದರೆ ಪಾಯಿಂಟ್ಸ್‌ಮನ್ ಪ್ಲಾಟ್‌ಫಾರಂ ಮೇಲೆ ಬಳೆ ಎತ್ತಿ ಹಿಡಿದು ನಿಲ್ಲಬೇಕು, ಇಂಜಿನಿನವರು ಓಡುವ ಗಾಡಿಯಿಂದ ತೋಳು ಚಾಚಿ ಎತ್ತಿಕೊಳ್ಳುತ್ತಾರೆ. ಹಿಂದಿನ ಬಳೆಯನ್ನು ಎಸೆಯುತ್ತಾರೆ. ಎಷ್ಟೋ ಜನರ ಮೊಣಕೈ ಹತ್ತಿರ ನೀಲಿಗಟ್ಟಿದ ಕಲೆ ಇರುತ್ತಿತ್ತು, ಅದನ್ನು ನೋಡಿಯೇ ಇವನು ಯಾವ ಕೆಲಸದವನು ಅಂತ ಹೇಳಬಹುದಿತ್ತು. ರಾತ್ರಿ ಹೊತ್ತು ಎಸೆದ ಬಳೆ ಪೊದೆಗೆ ಬಿದ್ದರೆ ಮುಗಿಯಿತು, ಲಾಟೀನು ಹಿಡಿದು ಹುಡುಕಬೇಕು. ಅದು ಸಿಗುವ ತನಕ ಲೈನ್ ತೆರೆಯಲ್ಲ.

ಪಾಯಿಂಟ್ಸ್‌ಮನ್ ಮಗಳು:
ಹೌದು ಹೌದು, ಬೆತ್ತದ ಬಳೆ! ನಾವು ಮಕ್ಕಳು ಹಳೇ ಮುರಿದ ಬಳೆ ಒಂದನ್ನು ತಂದು ಚಕ್ರ ಬಿಟ್ಟು ಓಡುತ್ತಿದ್ದೆವು. ಅಪ್ಪಯ್ಯನ ಕೈಯಲ್ಲಿ ಸಿಕ್ಕಿಬಿದ್ದು ಬೈಸಿಕೊಂಡಿದ್ದೇವೆ.

ಬಸವನಗುಡಿ ಬಾಯ್:
ಒಂದು ತಿದ್ದುಪಡಿ. ಇಡೀ ಧಾರಾವಾಹಿ ಅರಸಾಳಿನಲ್ಲಿ ಆಯಿತು ಅಂತ ತುಂಬಾ ಜನ ಬರೆಯುತ್ತಾರೆ. ಇಲ್ಲ ಗುರು. ಬಹುಪಾಲು ಆಗುಂಬೆಯಲ್ಲಿ. ಅಲ್ಲಿನ ದೊಡ್ಡಮನೆ ಇವತ್ತಿಗೂ ನೋಡಲು ಜನ ಹೋಗುತ್ತಾರೆ. ಆದರೆ ಆಗುಂಬೆಗೆ ರೈಲೇ ಇಲ್ಲ, ಮಾಲ್ಗುಡಿಗೆ ರೈಲು ಬೇಕೇ ಬೇಕು. ಹಾಗಾಗಿ ಅರಸಾಳು.

ಬೇಕೇ ಬೇಕು ಅಂತ ಸುಮ್ನೆ ಹೇಳಿದ್ದಲ್ಲ. ಆರ್.ಕೆ. ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ: 1930ರ ಸೆಪ್ಟೆಂಬರಿನಲ್ಲಿ ಅಜ್ಜಿ ಒಳ್ಳೆ ದಿನ ನೋಡಿಕೊಟ್ಟರು, ನೋಟ್‌ಬುಕ್ ತಂದು ಬರೆಯಲು ಕೂತರು, ಆಗ ಮಾಲ್ಗುಡಿ ತನ್ನ ಪುಟ್ಟ ರೈಲ್ವೆ ಸ್ಟೇಷನ್ ಸಮೇತ ಕಣ್ಣ ಮುಂದೆ ಬಂತಂತೆ. ಅಂದರೆ ಊರು ಹುಟ್ಟುವಾಗಲೇ ಸ್ಟೇಷನ್ ಇತ್ತು. ಸ್ವಾಮಿಯ ಕಾದಂಬರಿ ಮುಗಿಯುವುದೂ ಸ್ಟೇಷನ್ನಿನಲ್ಲೇ. ಗೆಳೆಯ ರಾಜಮ್ ಊರು ಬಿಟ್ಟು ಹೋಗುತ್ತಿದ್ದಾನೆ, ಸ್ವಾಮಿ ಒಂದು ಪುಸ್ತಕ ಹಿಡಿದುಕೊಂಡು ಓಡುತ್ತಾನೆ, ಮಾತಾಡುವುದರೊಳಗೆ ರೈಲು ಹೊರಡುತ್ತದೆ. ಆದ್ದರಿಂದ ಒಂದು ನಿಜವಾದ ಹಳೇ ಸ್ಟೇಷನ್ನಿಗೆ ಮಾಲ್ಗುಡಿ ಹೆಸರು ಬಂದದ್ದು ನನಗೇನೂ ತಪ್ಪು ಅನ್ನಿಸಲ್ಲ.

ಹೊಸನಗರ ಗೌಡ್ರು:
ಕಟ್ಟಡಕ್ಕೆ ಬರಲಿ ಸ್ವಾಮಿ, ಬೇಡ ಅಂದವರು ಯಾರು. 2019ರಲ್ಲಿ ಸ್ಟೇಷನ್ನಿನ ಹೆಸರನ್ನೇ ಮಾಲ್ಗುಡಿ ಮಾಡುವ ಮಾತು ಬಂತಲ್ಲ, ಅದಕ್ಕೆ ನನ್ನ ತಕರಾರು. ಇಲ್ಲದ ಊರಿನ ಹೆಸರು ಬರೆಯಲು ಇರುವ ಊರಿನ ಹೆಸರು ಅಳಿಸುವುದಾ? ಟಿಕೆಟ್ ಕೌಂಟರಿನಲ್ಲಿ ನಿಂತು "ಮಾಲ್ಗುಡಿಗೆ ಒಂದು ಕೊಡಿ" ಅನ್ನಲು ಬೆಂಗಳೂರಿನವರಿಗೆ ಮಜಾ. ನಮ್ಮ ಅಜ್ಜಿ ಏನಂತ ಕೇಳಬೇಕು?

ಬಸವನಗುಡಿ ಬಾಯ್:
ಗೌಡ್ರೆ, ಅಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ಬೋರ್ಡಿನ ಮೇಲೆ ಅರಸಾಳೇ ಇರಬೇಕು.

ಸಾಗರದ ಸೊಸೆ:
ಎಲ್ಲರೂ ಹೊಗೆಬಂಡಿ ಬಗ್ಗೆಯೇ ಬರೆಯುತ್ತಿದ್ದೀರಿ, ರೈಲ್‌ಬಸ್ ಮರೆತೇಬಿಟ್ಟಿರಾ? ನಾನು ಮದುವೆಯಾಗಿ ಬಂದಾಗ ಈ ಲೈನಿನಲ್ಲಿ ಅದೇ ಓಡುತ್ತಿತ್ತು. ಬೀರೂರಿಂದ ಶಿವಮೊಗ್ಗದ ತನಕ ಬ್ರಾಡ್‌ಗೇಜ್ ಆಗಿಹೋಯಿತು, ಶಿವಮೊಗ್ಗದಿಂದ ಈಚೆಗೆ ಮಾತ್ರ ಮೀಟರ್‌ಗೇಜ್ ಉಳಿಯಿತು. ಬಾಲ ಕಡಿದ ಹಲ್ಲಿಯ ಬಾಲದ ಹಾಗೆ ಈ ತುಂಡು ಒಂದೇ ಬೇರೆ ಅಲ್ಲಾಡುತ್ತಿತ್ತು. ದೊಡ್ಡ ಗಾಡಿ ಓಡಿಸುವಷ್ಟು ಜನ ಇಲ್ಲ, ನಿಲ್ಲಿಸಿದರೆ ಜನ ಬೈಯುತ್ತಾರೆ, ಅದಕ್ಕೆ ಈ ರೈಲ್‌ಬಸ್.

ಮುಖ ಬಸ್ಸಿನದು, ಕಾಲು ರೈಲಿನದು. ಗಡಗಡ ಅಂತ ಅಲ್ಲಾಡುತ್ತಾ ಬರುತ್ತಿತ್ತು. ಹಳಿ ಮೇಲೆ ದನ ಮಲಗಿದ್ದರೆ ನಿಲ್ಲಿಸಿ, ಯಾರಾದರೂ ಇಳಿದು ಎಬ್ಬಿಸಿ, ಮತ್ತೆ ಹೊರಡುವುದು. ಒಂದು ಸಲ ನನ್ನ ಮಾವನವರು ಕೊಡೆ ಮರೆತು ಇಳಿದುಬಿಟ್ಟಿದ್ದರು. ವಾಪಸ್ ಬರುವ ಟ್ರಿಪ್ಪಿನಲ್ಲಿ ಕೊಡೆ ಬಂತು! ಎರಡು ಕಡೆ ಕಾಡು ಎಷ್ಟು ಹತ್ತಿರ ಅಂದರೆ ಕಿಟಕಿಗೆ ಟೊಂಗೆ ಬಡಿಯುತ್ತಿತ್ತು. ಅಮ್ಮನ ಮನೆಗೆ ಹೋಗುವಾಗ ಅದು ಎಷ್ಟು ನಿಧಾನ ಅನ್ನಿಸುತ್ತಿತ್ತೋ, ವಾಪಸ್ ಬರುವಾಗ ಅಷ್ಟೇ ಬೇಗ ಬರುತ್ತಿತ್ತು :)

ಆಮೇಲೆ ಅದೂ ನಿಂತಿತು. ಹಳಿ ಕಿತ್ತರು. ಕೆಲವು ವರ್ಷ ಏನೂ ಇಲ್ಲ. ಬ್ರಾಡ್‌ಗೇಜ್ ತಾಳಗುಪ್ಪ ಮುಟ್ಟುವಾಗ 2011 ಆಯಿತು. ಈಗ ಬೆಂಗಳೂರು, ಮೈಸೂರಿಗೆ ಸೀದಾ ರೈಲು ಇದೆ, ಸುಖವಾಗಿದೆ. ಆದರೆ ಈಗಿನ ರೈಲಿಗೆ ಅರಸಾಳು ಅಂದರೆ ಎರಡು ನಿಮಿಷ ಅಷ್ಟೇ, ಕೆಲವಕ್ಕೆ ಅದೂ ಇಲ್ಲ.

ಹಳಿಹುಚ್ಚ:
ಅಕ್ಕಾ, ನೀವು ಹೇಳಿದ್ದರಲ್ಲೇ ನನ್ನ ಪ್ರಶ್ನೆಗೂ ಉತ್ತರ ಇದೆ. ಹಳೇ ಕಟ್ಟಡ ಯಾಕೆ ಕೆಲಸಕ್ಕೆ ಬಾರದೆ ಹೋಯಿತು ಅಂತ ಜನ ಕೇಳುತ್ತಾರೆ. ಮೀಟರ್‌ಗೇಜಿನಲ್ಲಿ ಎರಡು ಹಳಿ ನಡುವೆ 1000 ಮಿಲಿಮೀಟರ್, ಬ್ರಾಡ್‌ಗೇಜಿನಲ್ಲಿ 1676. ಹಳಿ ಅಗಲ ಮಾಡಿದರೆ ಸಾಲದು. ಗಾಡಿಯೇ ಅಗಲ, ಎತ್ತರ, ಉದ್ದ. ತಿರುವು ನೇರ ಮಾಡಬೇಕು, ಪ್ಲಾಟ್‌ಫಾರಂ ಎತ್ತರಿಸಿ ಉದ್ದ ಮಾಡಬೇಕು, ಸಿಗ್ನಲ್ ಯಂತ್ರಗಳಿಗೆ ಬೇರೆ ಕೋಣೆ ಬೇಕು. ಹಳೇ ಕಟ್ಟಡ ಇದಕ್ಕೆಲ್ಲ ಗಿಡ್ಡ, ಚಿಕ್ಕದು. ಪಕ್ಕದಲ್ಲಿ ಹೊಸದು ಕಟ್ಟುವುದೇ ಸುಲಭ. ಹಳೇದನ್ನು ಒಡೆಯಲೂ ದುಡ್ಡು ಬೇಕು, ಹಾಗೇ ಬಿಟ್ಟುಬಿಡುತ್ತಾರೆ. ನಮ್ಮ ಪುಣ್ಯ.

ದೇವನಹಳ್ಳಿ ದ್ರಾಕ್ಷಿ:
ಇದೇ ಥರ ನಮ್ಮ ಕಡೆಯೂ ಇದೆ, ಯಾರೂ ಹೇಳಲಿಲ್ಲ ಅಂತ ಹೇಳುತ್ತಿದ್ದೇನೆ. ಬೆಂಗಳೂರಿಂದ ಯಲಹಂಕ, ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಲೈಟ್ ರೈಲ್ವೆ ಬಂತು. ನಿಮ್ಮ ಮೀಟರ್‌ಗೇಜಿಗಿಂತಲೂ ಸಣ್ಣ ಹಳಿ, ಎರಡೂವರೆ ಅಡಿ. ಖಾಸಗಿ ಕಂಪನಿ ಲೈನು ಅದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಅದರ ಹಳೇ ಸ್ಟೇಷನ್‌ಗಳು ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. ಇವನ್ನು ಹಳೇ ಕಟ್ಟಡ, ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಶಾಖೆಯವರು ನೈಋತ್ಯ ರೈಲ್ವೆ ಜೊತೆ ಸೇರಿ ಉಳಿಸಲು ಕೈಹಾಕಿದರು. ನಂದಿ ಹಾಲ್ಟ್ ಈಗ ನೋಡಿ, ಎಷ್ಟು ಚೆಂದ ಮಾಡಿದ್ದಾರೆ.

ನಮ್ಮ ಲೈನಿನ ಕಥೆ ನಿಮ್ಮದಕ್ಕಿಂತ ಸ್ವಲ್ಪ ಬೇರೆ. ಏರ್‌ಪೋರ್ಟ್ ಬಂದಮೇಲೆ ಪಕ್ಕದಲ್ಲಿ ಅಷ್ಟು ದೊಡ್ಡ ರಸ್ತೆ, ಹಳಿ ಮಾತ್ರ ನಿದ್ದೆ ಹೊಡೆಯುತ್ತಿತ್ತು. 2021ರ ಜನವರಿಯಲ್ಲಿ ಏರ್‌ಪೋರ್ಟಿಗೆ ಅಂತಲೇ ಒಂದು ಹಾಲ್ಟ್ ಆಯಿತು. 2022ರ ಡಿಸೆಂಬರಿನಲ್ಲಿ ಮೆಮು ಅನ್ನುವ ಕರೆಂಟಿನ ಲೋಕಲ್ ರೈಲು ಚಿಕ್ಕಬಳ್ಳಾಪುರದ ತನಕ ಬಂತು, ಬೆಟ್ಟಕ್ಕೆ ಹೋಗುವವರು ನಂದಿ ಹಾಲ್ಟಿನಲ್ಲಿ ಇಳಿದರು. ಅಂದರೆ ಕಟ್ಟಡಕ್ಕೆ ರೈಲೂ ವಾಪಸ್ ಸಿಕ್ಕಿತು. ಬರೀ ಫೋಟೊ ತೆಗೆಸಿಕೊಳ್ಳುವ ಜಾಗ ಆಗುವುದಕ್ಕೂ, ರೈಲು ಹತ್ತುವ ಜಾಗ ಆಗುವುದಕ್ಕೂ ವ್ಯತ್ಯಾಸ ಇದೆ ಅಲ್ವಾ.

ಹಾಂ, ಗಾಂಧೀಜಿ 1927ರಲ್ಲಿ, ಮತ್ತೆ 1936ರಲ್ಲಿ ನಂದಿ ಬೆಟ್ಟದಲ್ಲಿ ತಂಗಿದ್ದರು. ಅದಕ್ಕೇ ಈ ಕಡೆ ಯಾವ ಹಳೇ ಕಲ್ಲು ಬೆಂಚು ತೋರಿಸಿದರೂ "ಇಲ್ಲೇ ಗಾಂಧೀಜಿ ಕೂತಿದ್ದರು" ಅನ್ನುವವರು ಒಬ್ಬರು ಸಿಗುತ್ತಾರೆ. ಅಷ್ಟೆಲ್ಲ ಬೆಂಚಿನ ಮೇಲೆ ಕೂತಿದ್ದರೆ ಅವರು ಬೆಟ್ಟ ಹತ್ತುವಾಗ ಕತ್ತಲಾಗುತ್ತಿತ್ತು.

ಬ್ರಿಸ್ಟಲ್ ಭಟ್ಟ:
ಇಂಗ್ಲೆಂಡಿನಿಂದ ನಂದೂ ಒಂದು. ಇಲ್ಲಿ 1963ರಲ್ಲಿ ಬೀಚಿಂಗ್ ಅನ್ನುವವರು ಒಂದು ವರದಿ ಕೊಟ್ಟರು. ನಷ್ಟದ ಲೈನ್ ಮುಚ್ಚಿ ಅಂತ 2363 ಸ್ಟೇಷನ್ ಪಟ್ಟಿ ಮಾಡಿದ್ದರು. ಎಲ್ಲವೂ ಮುಚ್ಚಲಿಲ್ಲ, ಆದರೂ ಹಳ್ಳಿ ಹಳ್ಳಿಗೆ ಖಾಲಿ ಸ್ಟೇಷನ್ ಉಳಿಯಿತು. ಕೆಲವನ್ನು ಜನ ಕೊಂಡು ಮನೆ ಮಾಡಿಕೊಂಡರು, ಕೆಲವು ಕೆಫೆ.

ನಮಗೆ ಹತ್ತಿರದ್ದು ವೇಲ್ಸಿನ ಟಿಂಟರ್ನ್. 1876ರಲ್ಲಿ ಶುರುವಾಯಿತು, 1959ರಲ್ಲೇ ಜನರ ಗಾಡಿ ನಿಂತಿತು, ಅಂದರೆ ಬೀಚಿಂಗ್ ವರದಿಗೂ ಮುಂಚೆ. ಈಗ ಹಳಿ ಇಲ್ಲ, ಹುಲ್ಲು. ಸ್ಟೇಷನ್ನಿನಲ್ಲಿ ಟೀ, ಕೇಕು. ಪಕ್ಕದಲ್ಲಿ ಹಳೇ ಬೋಗಿ ನಿಲ್ಲಿಸಿದ್ದಾರೆ. ಮಗಳನ್ನು ಕರೆದುಕೊಂಡು ಹೋಗಿದ್ದೆ, "ಟ್ರೇನ್ ಯಾವಾಗ ಬರುತ್ತೆ ಅಪ್ಪಾ" ಅಂತ ಮೂರು ಸಲ ಕೇಳಿದಳು. ಅರಸಾಳಿನಲ್ಲಿ ಟೀ ಕುಡಿಯುತ್ತಿರುವಾಗ ನಿಜವಾದ ರೈಲು ಬರುತ್ತದೆ. ಹೊಟ್ಟೆಕಿಚ್ಚು ನನಗೆ.

ಗಾರೆ ಕೆಲಸ:
ನಾನು ಹಳೇ ಮನೆ ರಿಪೇರಿ ಮಾಡಿಸುವವನು, ಓದಿದ್ದು ಕಮ್ಮಿ, ತಪ್ಪಿದ್ದರೆ ತಿದ್ದಿ. ಹಳೇ ಸ್ಟೇಷನ್ ಉಳಿಸಬೇಕು ಅಂತ ಎಲ್ಲೆಲ್ಲೋ ಉತ್ಸಾಹದಲ್ಲಿ ಸಿಮೆಂಟ್ ಬಳಿದುಬಿಡುತ್ತಾರೆ. ಅಲ್ಲೇ ಕಟ್ಟಡ ಸಾಯುವುದು. ಸುಣ್ಣದ ಗಾರೆಯ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಹಾಕಿದರೆ ಕುಡಿದ ನೀರು ಹೊರಗೆ ಬರಲು ದಾರಿ ಇಲ್ಲ. ಒಳಗೇ ಕೂತು ಗಾರೆ ಪುಡಿಯಾಗುತ್ತದೆ, ಎರಡು ವರ್ಷಕ್ಕೆ ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಆಗ ಮತ್ತೊಂದು ಕೋಟ್ ಬಣ್ಣ. ಒಬ್ಬರ ಮನೆಗೆ ಹೀಗೇ ಮೂರು ಸಲ ಬಣ್ಣ ಹೊಡೆಸಿದಮೇಲೆ ನನ್ನನ್ನು ಕರೆದರು. ಕೆರೆದು ನೋಡಿದರೆ ಗೋಡೆ ಬೆರಳಲ್ಲಿ ಉದುರುತ್ತಿತ್ತು.

ಮಾಡಿನ ವಿಷಯವೂ ಹಾಗೇ. ಹಂಚು ಒಡೆದರೆ ಹೆದರಬೇಡಿ, ಹಂಚು ಬದಲಾಯಿಸಬಹುದು. ನೋಡಬೇಕಾದ್ದು ಕೆಳಗಿನ ರೀಪು, ಪಕಾಸು, ಅಂದರೆ ಹಂಚು ಹೊರುವ ಮರದ ಪಟ್ಟಿಗಳು. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಒಬ್ಬ ಮೇಲೆ ಹತ್ತಿ ಜಾರಿದ ಹಂಚು ಸರಿಮಾಡಿ, ಸೂರಿನ ಎಲೆ ಕಸ ತೆಗೆದರೆ ಸಾಕು. ಅದಕ್ಕೆ ದೊಡ್ಡ ಯೋಜನೆ ಬೇಡ, ಉದ್ಘಾಟನೆಯೂ ಬೇಡ. ಅದಕ್ಕೇ ಯಾರೂ ಮಾಡಿಸಲ್ಲ.

ರಿಪ್ಪನ್‌ಪೇಟೆ ಹುಡುಗ:
ಕೊನೇ ಸಾಲಿಗೆ ನೂರು ಲೈಕ್ ಅಣ್ಣಾ.

ಹಳಿಹುಚ್ಚ:
ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ. ನಾನು ಒಂದು ಕೆಲಸ ಮಾಡುತ್ತೇನೆ. ಇಲ್ಲಿ ಬಂದಿರುವ ನೆನಪುಗಳನ್ನು ಸೇರಿಸಿ ನಾಲ್ಕೈದು ಪುಟ ಮಾಡಿ, ಹೀಗೊಂದು ಗೋಡೆ ಮಾಡಬಹುದಾ ಅಂತ ಸಂಬಂಧಪಟ್ಟವರಿಗೆ ಬರೆಯುತ್ತೇನೆ. ಹೆಸರು ಹಾಕುವುದಾದರೆ ನಿಮ್ಮನ್ನು ಕೇಳಿಯೇ ಹಾಕುತ್ತೇನೆ. ಜೊತೆಗೆ ವಸ್ತು ಏನಾದರೂ ಇದ್ದರೆ ಹೇಳಿ. ರಟ್ಟಿನ ಟಿಕೆಟ್ ಯಾರ ಹತ್ತಿರವಾದರೂ ಇದೆಯಾ? ಬೆರಳುದ್ದದ ಗಟ್ಟಿ ಚೀಟಿ, ಕೊಡುವ ಮುಂಚೆ ಯಂತ್ರಕ್ಕೆ ತೂರಿಸಿ ಟಕ್ ಅಂತ ತಾರೀಖು ಒತ್ತುತ್ತಿದ್ದರಲ್ಲ, ಅದು. ಇಳಿದಾಗ ವಾಪಸ್ ತೆಗೆದುಕೊಳ್ಳುತ್ತಿದ್ದರಿಂದ ಉಳಿದಿರುವುದು ಕಷ್ಟ ಅಂತ ಗೊತ್ತು.

ಸಾಗರದ ಸೊಸೆ:
ನಮ್ಮ ಅತ್ತೆಯ ಟ್ರಂಕಿನಲ್ಲಿ ಇದೆ. ತಾಳಗುಪ್ಪದ್ದು. ಅಂದರೆ ಯಾರೋ ಟಿಕೆಟ್ ಕೊಡದೆ ಗೇಟು ದಾಟಿದ್ದಾರೆ. ಅತ್ತೆಯೇ ಇರಬೇಕು, ಕೇಳಿದರೆ ಒಪ್ಪುತ್ತಿಲ್ಲ.

ನಿವೃತ್ತ ಗಾರ್ಡ್:
ಕೇಸು ಹಾಕಲ್ಲ ಅಂತ ಹೇಳಮ್ಮ ಅತ್ತೆಗೆ.

ಪಾಯಿಂಟ್ಸ್‌ಮನ್ ಮಗಳು:
ನನ್ನ ಹತ್ತಿರ ಅಪ್ಪಯ್ಯನ ಕೈದೀಪ ಇದೆ. ಒಳಗಿನ ಡಬ್ಬಿ ತಿರುಗಿಸಿದರೆ ಬಿಳಿ, ಕೆಂಪು, ಹಸಿರು ಬರುವಂಥದ್ದು. ಅವರು ರಿಟೈರ್ ಆದಮೇಲೆ ಮನೆಯಲ್ಲೇ ಉಳಿಯಿತು, ಹೇಗೆ ಉಳಿಯಿತು ಅಂತ ಗಾರ್ಡ್ ಸಾಹೇಬರು ಕೇಳಬಾರದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಅಮ್ಮ ಇವತ್ತಿಗೂ ಅದನ್ನೇ ಹಚ್ಚುವುದು. ಸೋಲಾರ್ ದೀಪ ತಂದುಕೊಟ್ಟಿದ್ದೇನೆ, ಮುಟ್ಟಲ್ಲ. ಹಾಗಾಗಿ ಕೊಡಲು ಆಗಲ್ಲ ಸರ್. ನೋಡಲು ಬೇಕಿದ್ದರೆ ತರುತ್ತೇನೆ. ಹಸಿರು ಗಾಜು ಒಡೆದಿದೆ, ಕೆಂಪು ಚೆನ್ನಾಗಿದೆ.

ಹಳಿಹುಚ್ಚ:
ಕೆಂಪು ಇದ್ದರೆ ಸಾಕು ಅಕ್ಕಾ, ಗಾಡಿ ನಿಲ್ಲುತ್ತದಲ್ಲ. ದೀಪಾವಳಿ ಕಳೆದಮೇಲೆ ಒಂದು ಭಾನುವಾರ ಅರಸಾಳಿನಲ್ಲಿ ಸೇರೋಣವಾ? ಮೈಸೂರು–ತಾಳಗುಪ್ಪ ಗಾಡಿಯಲ್ಲಿ ಬರುವವರು ಅಲ್ಲಿ ನಿಲ್ಲುತ್ತದಾ ಅಂತ ಈಗಿನ ಟೈಮ್‌ಟೇಬಲ್ ನೋಡಿಕೊಂಡೇ ಹೊರಡಿ. ಅಮ್ಮನನ್ನೂ ಕರೆದುಕೊಂಡು ಬನ್ನಿ.

ಪಾಯಿಂಟ್ಸ್‌ಮನ್ ಮಗಳು:
ಕೇಳಿದೆ. "ಗಂಟೆ ಹೊಡೆದಮೇಲೆ ಹೊರಟರಾಯಿತು" ಅಂದರು.